ಸರ್ವರ್ ಸುಸ್ತಾದಾಗ: ವೀಕ್ಷಣೆ ಮೊದಲು, ನಿರ್ಣಯ ಆಮೇಲೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಊರಿಗೆ ಬಂದಾಗಲೆಲ್ಲ ಹಿರಿಯರು, "ಬೆಂಗಳೂರಲ್ಲಿ ಏನ್ ಕೆಲ್ಸ ಮಗಾ ನಿಂದು?" ಎಂದು ಕೇಳುತ್ತಾರೆ. "ಕಂಪ್ಯೂಟರ್ ಕೆಲಸ" ಎಂದು ಹೇಳಿ ಇಷ್ಟು ದಿನ ತಪ್ಪಿಸಿಕೊಂಡಿದ್ದೇನೆ. ಇವತ್ತು ಸರಿಯಾಗಿ ಹೇಳುತ್ತೇನೆ. ಯಾವುದೋ ಕೌಂಟರಿನ ಮುಂದೆ ನಿಂತಾಗ "ಸರ್ವರ್ ಡೌನ್, ನಾಳೆ ಬನ್ನಿ" ಎಂದು ನಿಮ್ಮನ್ನು ವಾಪಸ್ ಕಳಿಸಿರುತ್ತಾರಲ್ಲ, ಅಂಥ ಸರ್ವರುಗಳು ಮಲಗದಂತೆ ನೋಡಿಕೊಳ್ಳುವುದು, ಮಲಗಿದರೆ ಎಬ್ಬಿಸುವುದು ನನ್ನ ಕೆಲಸ. ಅವುಗಳಲ್ಲಿ ಓಡುವುದು ಲಿನಕ್ಸ್. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್‌ನ ಜಾಡಿನಲ್ಲಿ, ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ್ದು ಅದು.

ಅದರ ಒಳಗೆ ಏನು ನಡೆಯುತ್ತದೆ ಎನ್ನುವುದನ್ನು ನಮ್ಮ ಶಾಲೆಯನ್ನೇ ಇಟ್ಟುಕೊಂಡು ಹೇಳಬಹುದು. ಮೇಷ್ಟ್ರು ಬೋರ್ಡಿನ ಮೇಲೆ ಪೈಥಾಗೊರಸ್ ಪ್ರಮೇಯ ಸಾಧಿಸುತ್ತಿದ್ದಾರೆ. ಜವಾನ ಸುತ್ತೋಲೆ ತರುತ್ತಾನೆ. ಮೇಷ್ಟ್ರು ಎಲ್ಲಿ ನಿಲ್ಲಿಸಿದೆ ಎಂದು ನೆನಪಿಟ್ಟುಕೊಂಡು ಸೀಮೆಸುಣ್ಣ ಕೆಳಗಿಟ್ಟು, ಸಹಿ ಮಾಡಿ, ಮತ್ತೆ ಅದೇ ಸಾಲಿಗೆ ಬರುತ್ತಾರೆ. ಇದೇ ಇಂಟರಪ್ಟ್. ಸಿಪಿಯು ಎಂದರೆ ಆ ಮೇಷ್ಟ್ರು. ನೆಟ್‌ವರ್ಕ್ ಕಾರ್ಡು, ಡಿಸ್ಕು, ಗಡಿಯಾರ ಇವೆಲ್ಲ ಜವಾನರು. ಸಹಿ ಮಾಡುವುದು ಹಾರ್ಡ್‌ವೇರ್ ಇಂಟರಪ್ಟ್. ಸುತ್ತೋಲೆಯಲ್ಲಿ ಹೇಳಿದ ಕೆಲಸವನ್ನು ಸ್ವಲ್ಪ ತಡೆದು ಮಾಡುವುದು ಸಾಫ್ಟ್ ಇಂಟರಪ್ಟ್. ದಿನಕ್ಕೆ ಎರಡು ಸುತ್ತೋಲೆ ಬಂದರೆ ತೊಂದರೆ ಇಲ್ಲ. ಒಂದೇ ಪಿರಿಯಡ್ಡಿನಲ್ಲಿ ನೂರು ಬಂದರೆ? ಮೇಷ್ಟ್ರು ಒಂದು ಕ್ಷಣವೂ ಸುಮ್ಮನೆ ಕೂತಿರುವುದಿಲ್ಲ, ಆದರೆ ಪಾಠ ಒಂದು ಸಾಲೂ ಮುಂದೆ ಹೋಗುವುದಿಲ್ಲ.

ಕೆಲವು ವರ್ಷಗಳ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಕಡೆ, ಬೆಳಗಿನ ಹೊತ್ತಿನಲ್ಲಿ ಒಂದು ಸರ್ವರ್ ತಡವರಿಸತೊಡಗಿತು. ಗ್ರಾಹಕರ ಕೋರಿಕೆಗಳು ಅರ್ಧದಲ್ಲೇ ಬಿದ್ದುಹೋಗುತ್ತಿದ್ದವು. ಹಿಂದಿನ ದಿನವಷ್ಟೇ ನಮ್ಮ ತಂಡದ ಹೊಸ ಹುಡುಗಿ ಬರೆದ ಪ್ರೋಗ್ರಾಂ ಅದಕ್ಕೆ ಹಾಕಿದ್ದೆವು. ಕಲಬುರಗಿ ಕಡೆಯವಳು, ಸೇರಿ ನಾಲ್ಕು ತಿಂಗಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಾನು ಏನನ್ನೂ ನೋಡದೆ "ಹೊಸ ಪ್ರೋಗ್ರಾಮಿನ ದೋಷ" ಎಂದು ಮೇಲಿನವರಿಗೆ ಮೇಲ್ ಕಳಿಸಿಬಿಟ್ಟೆ. ಪ್ರೋಗ್ರಾಂ ತೆಗೆಸಿದ್ದೂ ಆಯಿತು. ಸರ್ವರ್ ಮಾತ್ರ ಸರಿಹೋಗಲಿಲ್ಲ.

ಆಗ ಆ ಹುಡುಗಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಸರ್, ನನ್ ಪ್ರೋಗ್ರಾಂ ತಪ್ಪಿದ್ರೆ ಪ್ರೋಗ್ರಾಮಿನ ಅಂಕಣದಾಗ ಲೆಕ್ಕ ಏರ್ಬೇಕಿತ್ತಲ್ರೀ? ಅದು ಏರೇ ಇಲ್ಲ."

ಟಾಪ್ ಎಂಬ ಒಂದು ಆಜ್ಞೆ ಇದೆ. ಸಿಪಿಯು ತನ್ನ ಸಮಯವನ್ನು ಯಾವುದಕ್ಕೆ ಎಷ್ಟು ಖರ್ಚು ಮಾಡಿತು ಎಂದು ಅದು ಬೇರೆ ಬೇರೆ ಅಂಕಣದಲ್ಲಿ ತೋರಿಸುತ್ತದೆ: ಪ್ರೋಗ್ರಾಮುಗಳಿಗೆ ಇಷ್ಟು, ಕರ್ನೆಲ್‌ಗೆ ಇಷ್ಟು, ಇಂಟರಪ್ಟುಗಳಿಗೆ ಇಷ್ಟು, ಬಿಡುವು ಇಷ್ಟು. ನಮ್ಮ ಸರ್ವರಿನಲ್ಲಿ ಎಂಟು ಸಿಪಿಯು. ಒಟ್ಟು ಲೆಕ್ಕದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಬಿಡುವು ಕಾಣುತ್ತಿತ್ತು. ಇಷ್ಟು ಬಿಡುವಿದ್ದೂ ಕೆಲಸ ಯಾಕೆ ಸಾಗುತ್ತಿಲ್ಲ?

ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಬೇಸಾಯ ಮಾಡುವ ಮದ್ದೂರು, ಮಳವಳ್ಳಿಯ ರೈತರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ನಾಲೆಯಲ್ಲಿ ನೀರಿದೆ ಎಂದರೆ ನಮ್ಮ ಗದ್ದೆಗೆ ನೀರು ಬಂತು ಎಂದಲ್ಲ. ಒಟ್ಟು ಲೆಕ್ಕ ಬೇರೆ, ತೂಬಿನ ಲೆಕ್ಕ ಬೇರೆ. ಟಾಪ್ ಓಡುತ್ತಿರುವಾಗ ಒಂದರ ಅಂಕಿಯನ್ನು ಒತ್ತಿದರೆ ಪ್ರತಿ ಸಿಪಿಯು ಲೆಕ್ಕವೂ ಬಿಡಿಯಾಗಿ ಬರುತ್ತದೆ. ಒತ್ತಿದೆವು. ಏಳು ಸಿಪಿಯುಗಳು ಹೆಚ್ಚುಕಡಿಮೆ ಆರಾಮಾಗಿವೆ. ಮೊದಲನೆಯದು ಮಾತ್ರ ನೂರಕ್ಕೆ ನೂರು, ಅದೂ ಬಹುಪಾಲು ಸಾಫ್ಟ್ ಇಂಟರಪ್ಟ್‌ನಲ್ಲೇ. ಎಂಟರಲ್ಲಿ ಒಂದು ಪೂರ್ತಿ ಮುಳುಗಿದರೂ ಒಟ್ಟು ಲೆಕ್ಕದಲ್ಲಿ ಅದು ಕಾಣುವುದು 12.5 ಮಾತ್ರ!

ಆಮೇಲೆ ಪ್ರಾಕ್ ಫೋಲ್ಡರಿನಲ್ಲಿರುವ ಇಂಟರಪ್ಟ್ಸ್ ಎಂಬ ಫೈಲನ್ನು ತೆರೆದೆವು. ಯಾವ ಸಾಧನ ಯಾವ ಸಿಪಿಯುವನ್ನು ಎಷ್ಟು ಸಲ ಕರೆಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಅದು ಯಂತ್ರ ಶುರುವಾದಾಗಿನಿಂದ ಕೂಡುತ್ತಾ ಬಂದ ಮೊತ್ತ, ಹಾಗಾಗಿ ಒಂದು ಸಲ ನೋಡಿದರೆ ಸಾಲದು. ಕರೆಂಟ್ ಮೀಟರಿನ ಹಾಗೆ ಎರಡು ಸಲ ಓದಿ ಕಳೆಯಬೇಕು. ಹತ್ತು ಸೆಕೆಂಡು ಬಿಟ್ಟು ಓದಿ ಕಳೆದಾಗ ಗುಟ್ಟು ರಟ್ಟಾಯಿತು. ನೆಟ್‌ವರ್ಕ್ ಕಾರ್ಡಿನ ಇಂಟರಪ್ಟುಗಳೆಲ್ಲ ಮೊದಲನೇ ಸಿಪಿಯುಗೇ ಹೋಗುತ್ತಿದ್ದವು. ಎಂಟು ಜನ ಮೇಷ್ಟ್ರಿರುವ ಶಾಲೆಯಲ್ಲಿ ಜವಾನರೆಲ್ಲ ಒಬ್ಬರ ತರಗತಿಗೇ ನುಗ್ಗಿದಂತೆ! ಹಿಂದಿನ ರಾತ್ರಿ ಸರ್ವರನ್ನು ರೀಸ್ಟಾರ್ಟ್ ಮಾಡಿದಾಗ, ಇಂಟರಪ್ಟುಗಳನ್ನು ಹಂಚುವ ಐಆರ್‌ಕ್ಯೂ ಬ್ಯಾಲೆನ್ಸ್ ಎಂಬ ಸೇವೆ ಏಳದೇ ಉಳಿದಿತ್ತು. ಅದನ್ನು ಚಾಲೂ ಮಾಡಿದೆವು. ಕೆಲವೇ ನಿಮಿಷದಲ್ಲಿ ಭಾರ ಎಂಟು ಕಡೆಗೂ ಹಂಚಿಹೋಯಿತು. ಹೊಸ ಯಂತ್ರ ಕೊಳ್ಳಲಿಲ್ಲ, ಪ್ರೋಗ್ರಾಮಿನ ಒಂದು ಸಾಲನ್ನೂ ಬದಲಿಸಲಿಲ್ಲ.

ರೀಸ್ಟಾರ್ಟ್ ಮಾಡಿದವನು ಯಾರು ಗೊತ್ತೇ? ನಾನೇ.

ಆ ದಿನ ನನಗೆ ನೆನಪಾದದ್ದು ನಮ್ಮ ವಿಜ್ಞಾನದ ಮೇಷ್ಟ್ರು. ಪ್ರಯೋಗದ ರೆಕಾರ್ಡಿನಲ್ಲಿ ಉದ್ದೇಶ, ಉಪಕರಣಗಳು, ವಿಧಾನ, ವೀಕ್ಷಣೆ, ನಿರ್ಣಯ ಎಂದು ವರಸೆಯಾಗಿ ಬರೆಯಬೇಕಿತ್ತು. ಲೋಲಕದ ಪ್ರಯೋಗದಲ್ಲಿ ನಾನು ಅಳೆಯುವ ಮೊದಲೇ ಪಕ್ಕದವನ ನಿರ್ಣಯ ನೋಡಿ ಬರೆದಿದ್ದೆ. ಮೇಷ್ಟ್ರು ಕೆಂಪು ಇಂಕಿನಲ್ಲಿ ಇಡೀ ಪುಟಕ್ಕೆ ಗೀಟು ಹಾಕಿ, "ನೋಡ್ದೆ ತೀರ್ಪು ಕೊಡೋಕೆ ನೀನೇನು ದೇವ್ರೇನಯ್ಯ?" ಎಂದಿದ್ದರು. ಬಿ.ಇ. ಮುಗಿಸಿ ಇಷ್ಟು ವರ್ಷವಾದ ಮೇಲೂ ನಾನು ಅದೇ ತಪ್ಪು ಮಾಡಿದ್ದೆ. ಅವತ್ತು ಕೆಟ್ಟದ್ದು ರೆಕಾರ್ಡಿನ ಒಂದು ಪುಟ. ಈ ಸಲ ಒಬ್ಬಳ ಕೆಲಸವೇ ಹೋಗುತ್ತಿತ್ತು.

ನಾನು ಮೊದಲು ಮೇಲ್ ಕಳಿಸಿದವರೆಲ್ಲರಿಗೂ ಎರಡನೇ ಮೇಲ್ ಬರೆದೆ. ತಪ್ಪು ನನ್ನದು, ದಾರಿ ತೋರಿಸಿದವಳು ಅವಳು ಎಂದು ಹೆಸರು ಹಾಕಿ ತಿಳಿಸಿದೆ. ಆ ಮೇಲ್ ಬರೆಯುವುದು ಸರ್ವರ್ ಎಬ್ಬಿಸುವುದಕ್ಕಿಂತ ಕಷ್ಟವಾಯಿತು. ಅವಳ ಕೆಲಸ ಕಾಯಂ ಆಯಿತು. ಇವತ್ತು ಅವಳು ನನಗಿಂತ ಚೆನ್ನಾಗಿ ಈ ಕೆಲಸ ಮಾಡುತ್ತಾಳೆ.

ಮಕ್ಕಳೇ, ಈ ಆಜ್ಞೆಗಳ ಹೆಸರು ಮರೆತರೂ ಚಿಂತೆಯಿಲ್ಲ, ಪುಸ್ತಕದಲ್ಲಿ ಸಿಗುತ್ತವೆ. ರೆಕಾರ್ಡಿನ ಆ ವರಸೆಯನ್ನು ಮಾತ್ರ ಮರೆಯಬೇಡಿ. ಯಂತ್ರ ಕೆಟ್ಟರೂ, ಬೆಳೆ ಕೆಟ್ಟರೂ, ಯಾರ ಮೇಲಾದರೂ ದೂರು ಬಂದರೂ, ಮೊದಲು ವೀಕ್ಷಣೆ, ಆಮೇಲೆ ನಿರ್ಣಯ. ನನಗೆ ಇದನ್ನು ಕಲಿಸಿದ್ದು ಈ ಶಾಲೆ.