ಬ್ಲಾಕ್‌ಚೈನ್ ಎಂದರೇನು? ಅದರಿಂದ ರೈತನಿಗೇನು?

(ಊರಿನ ಸಂಜೆ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೋದ ತಿಂಗಳ ಸಭೆ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, "ಸ್ವಾಮಿ, ಪೇಟೆಯಿಂದ ಒಬ್ಬರು ಬಂದಿದ್ದರು. ಬ್ಲಾಕ್‌ಚೈನ್ ಅಂತ ಏನೋ ಹೇಳಿದರು. ಇದು ನಮ್ಮ ಬ್ಲಾಕಿನವರ ಹೊಸ ಸ್ಕೀಮೇ? ಐವತ್ತು ಸಾವಿರ ಕಟ್ಟಿದರೆ ವರ್ಷದಲ್ಲಿ ಎರಡರಷ್ಟಾಗುತ್ತದಂತೆ, ನಿಜವೇ?" ಎಂದು ಕೇಳಿದರು. ಕಡಲೆ ಮಾರಿದ ಹಣ ಆಗ ಅವರ ಮನೆಯಲ್ಲಿತ್ತು. ಮಗಳ ಮದುವೆಯೂ ಹತ್ತಿರವಿತ್ತು. "ಮುಂದಿನ ಸಭೆಯವರೆಗೆ ಒಂದು ಕಾಸನ್ನೂ ಕೊಡಬೇಡಿ, ವಿಚಾರಿಸಿ ಹೇಳುತ್ತೇನೆ" ಎಂದು ನಾನು ಮಾತು ಕೊಟ್ಟೆ. ಅವರು ಹಣ ಕೊಡದೆ ಕಾದಿದ್ದಾರೆ, ಈ ಹೊತ್ತು ಇಲ್ಲೇ ಮುಂದೆ ಕುಳಿತಿದ್ದಾರೆ. ಆದ್ದರಿಂದ ಇಂದು ಬೀಜ ಗೊಬ್ಬರದ ಮಾತನ್ನು ಬದಿಗಿಟ್ಟು ಈ ವಿಷಯವನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಹೆಸರಿನ ಗೊಂದಲ ತೀರಲಿ. ಇದಕ್ಕೂ ನಮ್ಮ ಬ್ಲಾಕಿಗೂ ಸಂಬಂಧವಿಲ್ಲ. ಇಲ್ಲಿ ಬ್ಲಾಕ್ ಎಂದರೆ ಲೆಕ್ಕದ ಒಂದು ಪುಟವೆಂದು ತಿಳಿಯಿರಿ. ಚೈನ್ ಎಂದರೆ ಸರಪಳಿ. ಒಂದಕ್ಕೊಂದು ಕೊಂಡಿ ಹಾಕಿದ ಪುಟಗಳಿಂದಾದ ಲೆಕ್ಕದ ಪುಸ್ತಕವೇ ಬ್ಲಾಕ್‌ಚೈನ್. ಅದು ಕಾಗದದ ಪುಸ್ತಕವಲ್ಲ, ಅನೇಕ ಗಣಕಯಂತ್ರಗಳಲ್ಲಿ ಇರುವ ಪುಸ್ತಕ.

ನಮ್ಮಲ್ಲಿ ಹಿಂದೆ ಕಡತ ಎಂಬುದಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬಹಳ ಅನುಕೂಲದ ವಸ್ತು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಆದರೆ ಕಡತ ಇಟ್ಟುಕೊಂಡವನು ಕೆಟ್ಟವನಾದರೆ ಸಾಲಗಾರನ ಗತಿಯೇನು? ಅದಕ್ಕೇ ದಾನ ದತ್ತಿಯಂಥ ದೊಡ್ಡ ಸಂಗತಿಗಳನ್ನು ಕಲ್ಲಿನಲ್ಲಿ ಕೊರೆಸಿ, ಗುಡಿಯ ಮುಂದೆ ಹತ್ತು ಜನರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿದ್ದರು. ಗಣಕಯಂತ್ರದ ಲೆಕ್ಕವನ್ನು ಕಡತದಂತೆ ಅಳಿಸಲಾಗದೆ ಶಿಲಾಶಾಸನದಂತೆ ಉಳಿಯುವ ಹಾಗೆ ಮಾಡುವುದೇ ಈ ಹೊಸ ವಿದ್ಯೆಯ ಉದ್ದೇಶ.

ಅದು ಹೇಗೆ ಸಾಧ್ಯ? ಹತ್ತು ಮಂದಿ ತಾಯಂದಿರ ಒಂದು ಸ್ವಸಹಾಯ ಸಂಘವನ್ನು ತೆಗೆದುಕೊಳ್ಳಿ. ಪುಸ್ತಕ ಒಂದೇ ಇದ್ದು ಒಬ್ಬರ ಮನೆಯಲ್ಲೇ ಇದ್ದರೆ, 500 ರೂಪಾಯಿ ಎಂದಿದ್ದುದು ರಾತ್ರಿ ಕಳೆಯುವುದರೊಳಗೆ 5000 ಆಗಬಹುದು. ಅದರ ಬದಲು ಹತ್ತು ಮನೆಯಲ್ಲೂ ಒಂದೊಂದು ಪುಸ್ತಕವಿದೆ ಎನ್ನಿ. ವಾರದ ಸಭೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಾರೆ. ಎಲ್ಲರೂ ಒಪ್ಪಿದ ಮೇಲೆ ಹತ್ತು ಪುಸ್ತಕಗಳಲ್ಲೂ ಅದನ್ನೇ ಬರೆಯುತ್ತಾರೆ. ಒಬ್ಬರು ತಮ್ಮ ಪುಸ್ತಕವನ್ನು ತಿದ್ದಿದರೆ ಉಳಿದ ಒಂಬತ್ತು ಪುಸ್ತಕಗಳು ಅದು ಸುಳ್ಳೆಂದು ಸಾಕ್ಷಿ ನುಡಿಯುತ್ತವೆ. ಇದು ಮೊದಲನೆಯ ಕಾವಲು.

ಎರಡನೆಯ ಕಾವಲು ಪುಟಗಳ ಕೊಂಡಿ. ಲೆಕ್ಕದ ಪುಸ್ತಕದಲ್ಲಿ ಹಿಂದಿನ ಪುಟದ ಮೊತ್ತವನ್ನು ಮುಂದಿನ ಪುಟದ ತಲೆಯಲ್ಲಿ ಬರೆಯುವ ಪದ್ಧತಿ ನಿಮಗೆ ಗೊತ್ತು. ಇಲ್ಲಿಯೂ ಹಾಗೆಯೇ. ಪುಟದಲ್ಲಿರುವ ಪ್ರತಿಯೊಂದು ಅಕ್ಷರವನ್ನೂ ಅಂಕಿಯನ್ನೂ ಸೇರಿಸಿ ಗಣಕಯಂತ್ರವು ಒಂದು ಮುದ್ರೆಯನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಸಾಮಾನ್ಯವಾಗಿ ಬಳಸುವ ಒಂದು ವಿಧಾನದಲ್ಲಿ ಇದನ್ನು 64 ಅಕ್ಷರ ಅಂಕಿಗಳಲ್ಲಿ ಬರೆಯುತ್ತಾರೆ. ಪುಟದಲ್ಲಿ ಒಂದು ಸೊನ್ನೆ ಹೆಚ್ಚಾದರೂ ಇಡೀ ಮುದ್ರೆ ಬೇರೆಯಾಗುತ್ತದೆ. ಈ ಮುದ್ರೆಯನ್ನು ಮುಂದಿನ ಪುಟದಲ್ಲಿ ಸೇರಿಸುತ್ತಾರೆ. ಹತ್ತನೆಯ ಪುಟವನ್ನು ತಿದ್ದಿದವನು ಹನ್ನೊಂದನ್ನೂ ತಿದ್ದಬೇಕು, ಹನ್ನೆರಡನ್ನೂ ತಿದ್ದಬೇಕು, ಕೊನೆಯ ಪುಟದವರೆಗೆ ಎಲ್ಲವನ್ನೂ ತಿದ್ದಬೇಕು. ಅದೂ ಬಹುಪಾಲು ಜನರ ಪುಸ್ತಕಗಳಲ್ಲಿ. ಆದಕಾರಣ ಕಳ್ಳತನ ಬಹಳ ಕಷ್ಟ. ನಿಜವಾದ ತಪ್ಪೇ ಆಗಿದ್ದರೂ ಅಳಿಸುವಂತಿಲ್ಲ; ಎಲ್ಲರೂ ಒಪ್ಪಿ ಕೆಳಗೆ ತಿದ್ದುಪಡಿಯ ಹೊಸ ಸಾಲು ಬರೆಯಬೇಕು.

ಈ ಆಲೋಚನೆ ನಿನ್ನೆ ಮೊನ್ನೆಯದಲ್ಲ. 1991ರಲ್ಲಿ ಅಮೆರಿಕದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಎಂಬ ಇಬ್ಬರು, ಗಣಕಯಂತ್ರದ ದಾಖಲೆಗಳಿಗೆ ಹೀಗೆ ಕೊಂಡಿ ಹಾಕಿ ತಾರೀಕು ಒತ್ತುವ ದಾರಿಯನ್ನು ಬರೆದು ಪ್ರಕಟಿಸಿದರು. 1995ರಿಂದ ಇಂಥ ಮುದ್ರೆಯನ್ನು ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಪತ್ರಿಕೆ ಮನೆಮನೆ ಸೇರಿದ ಮೇಲೆ ಅದನ್ನು ತಿದ್ದುವವರು ಯಾರು? ಅನಂತರ 2008ರ ಅಕ್ಟೋಬರಿನಲ್ಲಿ ಸತೋಶಿ ನಕಮೋಟೊ ಎಂಬ ಹೆಸರಿನಲ್ಲಿ ಒಂದು ಲೇಖನ ಹೊರಬಂತು. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಎಂಬ ಗಣಕಯಂತ್ರದ ನಾಣ್ಯ ಚಾಲನೆಗೆ ಬಂತು. ಬ್ಯಾಂಕಿನ ಕೈಯಿಲ್ಲದೆ, ಒಬ್ಬರನ್ನೊಬ್ಬರು ಅರಿಯದ ಜನ ಒಂದೇ ಲೆಕ್ಕ ಇಟ್ಟುಕೊಳ್ಳಬಹುದೆಂದು ಅದು ತೋರಿಸಿತು.

ಈ ಪುಸ್ತಕ ಬೇರೆ ಕೆಲಸಕ್ಕೂ ಬರುತ್ತದೆ. ಅಮೆರಿಕದ ವಾಲ್‌ಮಾರ್ಟ್ ಎಂಬ ದೊಡ್ಡ ಅಂಗಡಿಯವರು ಕೆಲವು ವರ್ಷಗಳ ಹಿಂದೆ ಹೆಚ್ಚಿದ ಮಾವಿನಹಣ್ಣಿನ ಒಂದು ಪೊಟ್ಟಣವನ್ನು ಹಿಡಿದು, ಇದು ಯಾವ ತೋಟದ್ದೆಂದು ಹುಡುಕಿಸಿದರು. ಹಳೆಯ ಕಾಗದಪತ್ರಗಳಿಂದ ಹುಡುಕಲು ಹತ್ತಿರ ಹತ್ತಿರ 7 ದಿನ ಹಿಡಿಯಿತು. ಬ್ಲಾಕ್‌ಚೈನ್ ಪುಸ್ತಕದಿಂದ 2.2 ಸೆಕೆಂಡಿನಲ್ಲಿ ಉತ್ತರ ಬಂತು. ಒಂದು ತೋಟದ ಹಣ್ಣಿನಲ್ಲಿ ದೋಷ ಕಂಡರೆ ಊರಿನ ಎಲ್ಲ ತೋಟದ ಹಣ್ಣನ್ನೂ ಎಸೆಯಬೇಕಾಗಿಲ್ಲ, ಇದು ಅದರ ಲಾಭ. ನಮ್ಮ ದೇಶದಲ್ಲಿ 2019ರ ಮಾರ್ಚಿನಲ್ಲಿ ಕಾಫಿ ಮಂಡಳಿಯು ಬೆಳೆಗಾರರನ್ನೂ ಕೊಳ್ಳುವವರನ್ನೂ ನೇರವಾಗಿ ಸೇರಿಸಲು ಇಂಥ ಒಂದು ಮಾರುಕಟ್ಟೆಯನ್ನು ಪ್ರಯೋಗವಾಗಿ ಆರಂಭಿಸಿತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಸಂಬಂಧಿಸಿದ ವಿಷಯವಿದು. ತನ್ನ ಕಾಫಿ ಯಾರ ಕೈಗೆ ಯಾವ ಬೆಲೆಗೆ ಹೋಯಿತೆಂದು ಬೆಳೆದವನಿಗೆ ತಿಳಿದರೆ ನಡುವಿನವರ ಆಟ ಕಡಿಮೆಯಾದೀತೆಂಬ ಆಸೆ ಇದರ ಹಿಂದೆ ಇದೆ.

ಇಷ್ಟು ಕೇಳಿ, "ಹಾಗಾದರೆ ಮೋಸವೇ ಇಲ್ಲದ ಪುಸ್ತಕ ಬಂತು" ಎಂದು ನಂಬಿಬಿಡಬೇಡಿ. ಇಲ್ಲೇ ಎಚ್ಚರ ಬೇಕಾದದ್ದು.

ನಿಮ್ಮಲ್ಲಿ ಅನೇಕರು ಮಣ್ಣು ಪರೀಕ್ಷೆ ಮಾಡಿಸಿದ್ದೀರಿ. ಗೊಬ್ಬರದ ಗುಂಡಿಯ ಪಕ್ಕದಿಂದಾಗಲಿ, ಬದುವಿನ ಮೇಲಿನಿಂದಾಗಲಿ ಮಣ್ಣು ತೆಗೆಯಬೇಡಿ, ಹೊಲದ ಹಲವು ಕಡೆಯಿಂದ ತೆಗೆದು ಬೆರೆಸಿ ಎಂದು ನಾನು ಪ್ರತಿ ವರ್ಷ ಹೇಳುವುದೇಕೆ? ಮಾದರಿ ತಪ್ಪಾದರೆ ಪ್ರಯೋಗಶಾಲೆಯ ಯಂತ್ರ ಎಷ್ಟು ಒಳ್ಳೆಯದಾದರೂ ಉತ್ತರ ತಪ್ಪೇ. ಬ್ಲಾಕ್‌ಚೈನೂ ಹಾಗೆಯೇ. ಬರೆದದ್ದನ್ನು ಅದು ಕಾಯುತ್ತದೆ. ಬರೆದದ್ದು ನಿಜವೇ ಎಂದು ನೋಡುವುದಿಲ್ಲ. ತೂಕದವನು 52 ಕಿಲೋ ಚೀಲವನ್ನು 50 ಎಂದು ಬರೆದರೆ ಆ ಸುಳ್ಳನ್ನೂ ಅಷ್ಟೇ ಭದ್ರವಾಗಿ ಇಡುತ್ತದೆ. ಕಲ್ಲಿನ ಮೇಲೂ ತಾಮ್ರದ ಮೇಲೂ ಸುಳ್ಳು ಬರೆದವರುಂಟು. ವಿದ್ವಾಂಸರು ಅದನ್ನು ಕೂಟಶಾಸನ ಎನ್ನುತ್ತಾರೆ. ಬಿತ್ತಿದಂತೆ ಬೆಳೆ.

ಜಮೀನಿನ ದಾಖಲೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಾಕಸಸ್ ಪರ್ವತದ ಬಳಿಯ ಜಾರ್ಜಿಯಾ ದೇಶದವರು 2004ರಿಂದ ತಮ್ಮ ನೋಂದಣಿ ಕಚೇರಿಯನ್ನು ಸುಧಾರಿಸಿ, ದಾಖಲೆಗಳನ್ನು ಸರಿಪಡಿಸಿಕೊಂಡರು. 2016ರಲ್ಲಿ ಅದಕ್ಕೆ ಬ್ಲಾಕ್‌ಚೈನ್ ಕಾವಲು ಹಾಕಲು ತೊಡಗಿದರು, ಕೆಲಸ ನಡೆಯಿತು. ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ 2015ರಲ್ಲಿ ಇಂಥದೇ ಯೋಜನೆಯ ಸುದ್ದಿ ದೊಡ್ಡದಾಗಿ ಹರಡಿತು, ಆದರೆ ಕೆಲಸ ನಿಂತುಹೋಯಿತು. ಮೊದಲು ಹೊಲ ಹಸನು ಮಾಡಬೇಕು, ಬೇಲಿ ಅನಂತರದ್ದು.

ನಮ್ಮ ಪಹಣಿಯನ್ನೇ ನೋಡಿ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು 2002ರ ಹೊತ್ತಿಗೆ ಗಣಕಯಂತ್ರಕ್ಕೆ ಏರಿದವು. ಇದು ಬ್ಲಾಕ್‌ಚೈನ್ ಅಲ್ಲ. ಆದರೂ ಪಾಠ ಒಂದೇ. ಕೈಬರಹ ಹೋಯಿತು, ಅನುಕೂಲವಾಯಿತು. ಆದರೆ ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳೂ ಜತೆಗೆ ಏರಿದವು. ತೀರಿಕೊಂಡ ತಾತನ ಹೆಸರಿನಲ್ಲೇ ಇರುವ ಖಾತೆ ಎಷ್ಟು ಮನೆಗಳಲ್ಲಿದೆ? ಹೆಂಗಸರು ದುಡಿದ ಹೊಲದಲ್ಲಿ ಹೆಂಗಸರ ಹೆಸರಿದೆಯೇ? ಬೇರೆಯವರ ಹೊಲವನ್ನು ವಾರಕ್ಕೆ ಮಾಡುವವನ ಹೆಸರು ಎಲ್ಲಿದೆ? ಇಂಥ ಪುಸ್ತಕಕ್ಕೆ ನಾಳೆ ಅಳಿಸಲಾಗದ ಬೀಗ ಹಾಕಿದರೆ, ಒಳಗಿರುವವರಿಗೆ ಅದು ರಕ್ಷಣೆ. ಹೊರಗುಳಿದವರಿಗೆ ಮುಚ್ಚಿದ ಬಾಗಿಲು. ಸಮಾಜಕ್ಕೆ ಈ ವಿದ್ಯೆಯಿಂದ ಒಳಿತೋ ಕೆಡುಕೋ ಎಂಬುದು ಬೀಗ ಹಾಕುವ ಮುನ್ನ ಒಳಗೆ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ.

ಆದ್ದರಿಂದ ಯಾವ ಕಂಪನಿಯಾಗಲಿ, ಕಚೇರಿಯಾಗಲಿ ಇಂಥ ಪುಸ್ತಕ ತಂದರೆ ಮೂರು ಪ್ರಶ್ನೆ ಕೇಳಿ. ಮೊದಲ ಸಾಲು ಬರೆಯುವವರು ಯಾರು? ಪುಸ್ತಕದ ಪ್ರತಿಗಳು ಯಾರು ಯಾರ ಕೈಯಲ್ಲಿರುತ್ತವೆ? ತಪ್ಪಾದರೆ ತಿದ್ದುಪಡಿಗೆ ನಾವು ಯಾರ ಬಾಗಿಲಿಗೆ ಹೋಗಬೇಕು? ಎಲ್ಲ ಪ್ರತಿಗಳೂ ಒಂದೇ ಕಂಪನಿಯ ಕೊಠಡಿಯಲ್ಲಿದ್ದರೆ ಹತ್ತು ಮನೆಯ ಸಾಕ್ಷಿ ಎಲ್ಲಿ ಬಂತು?

ಈಗ ನಮ್ಮ ಹಿರಿಯರ ಐವತ್ತು ಸಾವಿರಕ್ಕೆ ಬರುತ್ತೇನೆ. ಪುಸ್ತಕ ಬೇರೆ, ಅದರ ಹೆಸರಿನಲ್ಲಿ ಮಾರುವ ನಾಣ್ಯ ಬೇರೆ. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರಿಗೆ ಏರಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ ಅದರ ಕಾಲುಭಾಗಕ್ಕೆ ಇಳಿಯಿತು. ಆಮೇಲೆ ಮತ್ತೆ ಏರಿತು. ಮದುವೆಯ ದಿನ ಅದು ಏರಿರುತ್ತದೋ ಇಳಿದಿರುತ್ತದೋ ಯಾರೂ ಬರೆದುಕೊಡಲಾರರು. ನಾಣ್ಯದ ಗುಪ್ತ ಕೀಲಿ ಕಳೆದರೆ ಹಣ ಹೋದಂತೆಯೇ. ಇದು ನಮ್ಮ ದೇಶದಲ್ಲಿ ರೂಪಾಯಿಯಂತೆ ಚಲಾವಣೆಯ ಹಣವಲ್ಲ. 2022ರ ಏಪ್ರಿಲಿನಿಂದ ಇದರ ಲಾಭಕ್ಕೆ ಶೇಕಡ 30ರ ತೆರಿಗೆ ಉಂಟು. ತೆರಿಗೆ ಹಾಕಿದ ಮಾತ್ರಕ್ಕೆ ಸರ್ಕಾರ ಹೊಣೆ ಹೊತ್ತಿತೆಂದು ಅರ್ಥವಲ್ಲ. ಇನ್ನೂ ಕೇಳಿ: 2014ರಲ್ಲಿ ಒನ್‌ಕಾಯಿನ್ ಎಂಬುದೊಂದು ಹುಟ್ಟಿತು. ನಿಮ್ಮ ಕೆಳಗೆ ನಾಲ್ಕು ಜನರನ್ನು ಸೇರಿಸಿ ಎಂದು ದೇಶದೇಶಗಳಲ್ಲಿ ಹಣ ಎತ್ತಿತು. ಕಡೆಗೆ ನೋಡಿದರೆ ಅಲ್ಲಿ ನಿಜವಾದ ಬ್ಲಾಕ್‌ಚೈನ್ ಪುಸ್ತಕವೇ ಇರಲಿಲ್ಲ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬನಿಗೆ 2023ರಲ್ಲಿ ಅಮೆರಿಕದ ನ್ಯಾಯಾಲಯ 20 ವರ್ಷ ಸೆರೆಮನೆ ವಿಧಿಸಿತು. ಹಣ ಕಟ್ಟಿದವರ ಗೋಳು ಅದರಿಂದ ತೀರಲಿಲ್ಲ.

ನಾನು ಹೇಳುವುದು ಇಷ್ಟು:

1. ವರ್ಷಕ್ಕೆ ಎರಡರಷ್ಟು ಎಂದವರಿಗೆ ಹಣ ಕೊಡಬೇಡಿ. ಕೊಟ್ಟು ಮೋಸಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೆ 1930ಕ್ಕೆ ಫೋನು ಮಾಡಿ.

2. ಈ ತಿಂಗಳೊಳಗೆ ನಿಮ್ಮ ಪಹಣಿ ತೆಗೆಸಿ, ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಸಾಲ ಎಲ್ಲವನ್ನೂ ಓದಿ. ಓದು ಬಾರದವರು ಮಕ್ಕಳಿಂದ ಓದಿಸಿ ಕೇಳಿ.

3. ತೀರಿಕೊಂಡವರ ಹೆಸರಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಡಬೇಡಿ. 2005ರ ಕಾನೂನಿನ ತಿದ್ದುಪಡಿಯಂತೆ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು.

4. ಮಾರಿದ ಮಾಲಿಗೆ ತೂಕದ ಚೀಟಿ ಕೇಳಿ ಪಡೆಯಿರಿ, ಜೋಪಾನವಾಗಿಡಿ.

5. ಫೋನಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬೇಡಿ.

ಬಂಧುಗಳೇ, ಹೊಸ ವಿದ್ಯೆಗೆ ಹೆದರುವುದೂ ಬೇಡ, ಮರುಳಾಗುವುದೂ ಬೇಡ. ಹೊಸ ತಳಿ ಬಂದಾಗ ಒಂದು ಗುಂಟೆಯಲ್ಲಿ ಹಾಕಿ ನೋಡುವವರು ನೀವು. ಇದನ್ನೂ ಹಾಗೆಯೇ ನೋಡಿ. ಅಳಿಸಲಾಗದ ಪುಸ್ತಕ ನಮ್ಮೂರಿಗೆ ಬರುವ ದಿನ ಅದರೊಳಗೆ ಬರೆಯಲು ನಮ್ಮ ಬಳಿ ನಿಜವಾದ ಲೆಕ್ಕವಿರಲಿ. ಬರುವ ಸೋಮವಾರ ಸಂಜೆ ಶಾಲೆಯ ಜಗಲಿಯಲ್ಲಿ ಕುಳಿತಿರುತ್ತೇನೆ. ಪಹಣಿ ತನ್ನಿ, ಒಟ್ಟಿಗೆ ಓದೋಣ. ಹಿರಿಯರೇ, ನೀವು ಮೊದಲು ಬನ್ನಿ.