ದಿವಾಳಿ ಅರ್ಜಿಗೆ ಮುಂಚೆ ಮನೆಯ ಜಮಾ-ಖರ್ಚು
(ಸದಸ್ಯರ ತರಬೇತಿ ಶಿಬಿರದಲ್ಲಿ ವಕೀಲರೊಬ್ಬರು ಮಾಡಿದ ಭಾಷಣದ ಪಠ್ಯ)



ಇಂಥ ಶಿಬಿರಗಳಲ್ಲಿ ಕೆಚ್ಚಲು ಬಾವು, ಹಸಿರು ಮೇವು, ಖನಿಜ ಮಿಶ್ರಣ ಇವುಗಳ ಬಗ್ಗೆ ಮಾತು ನಡೆಯುವುದು ವಾಡಿಕೆ. ನನಗೆ ಕೊಟ್ಟಿರುವ ವಿಷಯ ಸ್ವಲ್ಪ ಕಹಿ. ಸಾಲ ಕೈಮೀರಿದಾಗ ಕೆಲವರು ನಮ್ಮಂಥ ವಕೀಲರ ಹತ್ತಿರ ಬಂದು, "ಸ್ವಾಮಿ, ದಿವಾಳಿ ಅರ್ಜಿ ಹಾಕಿಬಿಡಿ" ಎನ್ನುತ್ತಾರೆ. ನಾನು ಅವರನ್ನು ಮೊದಲು ಕೇಳುವುದು ಮನೆಯ ಜಮಾ-ಖರ್ಚಿನ ಪಟ್ಟಿ. ಹತ್ತರಲ್ಲಿ ಒಂಬತ್ತು ಮಂದಿಯ ಹತ್ತಿರ ಅದು ಇರುವುದಿಲ್ಲ. ಅದನ್ನು ಮಾಡುವುದು ಹೇಗೆ ಎಂಬುದಷ್ಟೇ ಇವತ್ತಿನ ನನ್ನ ಮಾತು.

ಮೊದಲು ಕಾನೂನಿನ ಎರಡು ಮಾತು. ನಮ್ಮಲ್ಲಿ ಸಾಮಾನ್ಯ ಮನುಷ್ಯ ದಿವಾಳಿ ಅರ್ಜಿ ಹಾಕುವುದು ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯಿದೆಯ ಕೆಳಗೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿತು ನಿಜ. ಆದರೆ ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು 2019ರ ಡಿಸೆಂಬರಿನಲ್ಲಿ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಹಳೆಯ ಕಾಯಿದೆಯಲ್ಲಿ ಸಾಲ 500 ರೂಪಾಯಿ ಮುಟ್ಟಿದ್ದರೆ ಅರ್ಜಿ ಹಾಕಬಹುದು ಎಂದಿದೆ. 1920ರಲ್ಲಿ 500 ರೂಪಾಯಿಗೆ ಒಳ್ಳೆಯ ಜೋಡೆತ್ತು ಬಂದು ಇನ್ನೂ ಹಣ ಉಳಿಯುತ್ತಿತ್ತೇನೋ! ಅರ್ಜಿಯಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕು, ಅವರ ಹೆಸರು ಮತ್ತು ಊರು ಯಾವುದು, ನಿಮ್ಮ ಆಸ್ತಿ ಏನೇನು, ಅದರ ಬೆಲೆ ಎಷ್ಟು, ಅದು ಎಲ್ಲಿದೆ ಎಂದು ಬರೆಯಬೇಕು. ಆಮೇಲೆ ನ್ಯಾಯಾಲಯ ನಿಮ್ಮನ್ನು ಸಾಲ ಕೊಟ್ಟವರ ಎದುರಿಗೇ ನಿಲ್ಲಿಸಿ ವಿಚಾರಿಸುತ್ತದೆ. "ತಿಂಗಳಿಗೆ ಇಷ್ಟು ಬಟವಾಡೆ ಬರುತ್ತದಲ್ಲ, ಯಾಕೆ ಕಟ್ಟಲಿಲ್ಲ?" ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ. ಆಗ ಕೈಯಲ್ಲಿ ಲೆಕ್ಕದ ಹಾಳೆ ಇರಬೇಕು.

ಪಟ್ಟಿ ಬರೆಯಲು ಗಂಡ-ಹೆಂಡತಿ ಒಟ್ಟಿಗೆ ಕೂರಬೇಕು. ಯಜಮಾನರ ಕೈಸಾಲ ಮನೆಯಾಕೆಗೆ ಗೊತ್ತಿರುವುದಿಲ್ಲ, ಮನೆಯಾಕೆಯ ಗುಂಪು ಸಾಲದ ಬಾಕಿ ಯಜಮಾನರಿಗೆ ಗೊತ್ತಿರುವುದಿಲ್ಲ. ಒಬ್ಬರೇ ಕೂತು ಬರೆದ ಪಟ್ಟಿ ಅರ್ಧ ಪಟ್ಟಿ. ಮೊದಲ ದಿನ ಸ್ವಲ್ಪ ಜಗಳ ಆದರೂ ಆಗಲಿ.

ಈಗ ಹಾಲಿನ ಲೆಕ್ಕಕ್ಕೆ ಬರೋಣ. ನಮ್ಮ ಜನ ಹೆಚ್ಚು ತಪ್ಪುವುದು ಇಲ್ಲೇ. ಆದಾಯ ಎಷ್ಟು ಎಂದು ಕೇಳಿದರೆ ಒಳ್ಳೆಯ ತಿಂಗಳ ಬಟವಾಡೆಯನ್ನು ಹೇಳುತ್ತಾರೆ. ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಕಿಗಳು ನನ್ನ ಅಂದಾಜು, ನಿಮ್ಮ ನಿಮ್ಮ ಊರಿನ ದರ ಹಾಕಿಕೊಳ್ಳಿ. ಎರಡು ಮಿಶ್ರತಳಿ ಹಸು, ಒಂದೊಂದು ಸರಾಸರಿ 9 ಲೀಟರು. ಮನೆಗೆ ಒಂದು ಲೀಟರು ಇಟ್ಟುಕೊಂಡು 17 ಲೀಟರು ಸಂಘಕ್ಕೆ ಹಾಕಿದರೆ, ಲೀಟರಿಗೆ 34 ರೂಪಾಯಿಯಂತೆ ತಿಂಗಳಿಗೆ 17,340 ರೂಪಾಯಿ. ಮೈಕ್ರೋ ಫೈನಾನ್ಸಿನವರು ಬಂದಾಗ ಈ ಮನೆಯವರು ಹೇಳುವುದು ಇದೇ ಅಂಕಿ, ಅವರು ಬರೆದುಕೊಳ್ಳುವುದೂ ಇದೇ.

ವರ್ಷಕ್ಕೆ ಹಾಕಿ ನೋಡಿ. ಹಸು ಸುಮಾರು 300 ದಿನ ಕರೆಯುತ್ತದೆ, ಉಳಿದ ಎರಡು ತಿಂಗಳ ಮೇಲೆ ಬತ್ತಿರುತ್ತದೆ. ಮನೆಗೆ, ಕರುವಿಗೆ ಬಿಟ್ಟು ಸಂಘಕ್ಕೆ ಬಿದ್ದದ್ದು 4,800 ಲೀಟರು ಎನ್ನೋಣ. ಒಟ್ಟು 1,63,200 ರೂಪಾಯಿ. ಖರ್ಚು? ಹಸುವಿನ ಮೈಗೆ 2 ಕೆ.ಜಿ., ಹಾಲಿಗೆ ಲೀಟರಿಗೆ 400 ಗ್ರಾಂ ಎಂದು ನಿಮಗೆ ವಿಸ್ತರಣಾಧಿಕಾರಿಗಳು ಹೇಳಿಯೇ ಇದ್ದಾರೆ. ಕರೆಯುವ ದಿನಗಳಲ್ಲಿ ಒಂದೊಂದು ಹಸುವಿಗೆ ಐದೂವರೆ ಕೆ.ಜಿ., ಬತ್ತಿದಾಗ 2 ಕೆ.ಜಿ. ಹಿಡಿದರೂ ಎರಡು ಹಸುವಿಗೆ ವರ್ಷಕ್ಕೆ 3,560 ಕೆ.ಜಿ. ಪಶು ಆಹಾರ ಬೇಕು. ಕೆ.ಜಿ.ಗೆ 25 ರೂಪಾಯಿಯಂತೆ 89,000. ಕೊಂಡ ಹುಲ್ಲು 18,000. ಔಷಧಿ, ಗರ್ಭಧಾರಣೆ, ಖನಿಜ ಮಿಶ್ರಣ, ರಾಸು ವಿಮೆ ಸೇರಿ 9,000. ಒಟ್ಟು 1,16,000. ಉಳಿಯಿತು 47,200. ಅಂದರೆ ತಿಂಗಳಿಗೆ 4,000ಕ್ಕೂ ಸ್ವಲ್ಪ ಕಡಿಮೆ. ಹದಿನೇಳು ಸಾವಿರ ಎಲ್ಲಿ, ನಾಲ್ಕು ಸಾವಿರ ಎಲ್ಲಿ! ಮನೆಯವರ ದುಡಿಮೆಗೆ ಇದರಲ್ಲಿ ಕೂಲಿ ಹಾಕಿಲ್ಲ ಎಂಬುದನ್ನೂ ಗಮನಿಸಿ.

ಇಲ್ಲಿ ಒಂದು ಎಚ್ಚರಿಕೆ. ಸಂಘದಿಂದ ಪಶು ಆಹಾರ ತಂದಿದ್ದರೆ ಅದರ ಬಾಬ್ತು ಬಟವಾಡೆಯಲ್ಲೇ ಮುರಿದಿರುತ್ತಾರೆ. ಕೈಗೆ ಬಂದ ಹಣವನ್ನು ಆದಾಯ ಎಂದು ಬರೆದು, ಮತ್ತೆ ಪಶು ಆಹಾರವನ್ನು ಖರ್ಚಿಗೂ ಬರೆದರೆ ಒಂದೇ ಖರ್ಚು ಎರಡು ಸಲ ಬೀಳುತ್ತದೆ. ನ್ಯಾಯಾಲಯದಲ್ಲಿ ಅದು ಸುಳ್ಳು ಲೆಕ್ಕ ಎನಿಸಿಕೊಳ್ಳುತ್ತದೆ. ಒಟ್ಟು ಹಾಲಿನ ಹಣ ಒಂದು ಕಡೆ, ಕಡಿತ ಇನ್ನೊಂದು ಕಡೆ ಬರೆಯಿರಿ. ಕಾರ್ಯದರ್ಶಿಗಳ ಹತ್ತಿರ ಹನ್ನೆರಡು ತಿಂಗಳ ಲೆಕ್ಕ ಇರುತ್ತದೆ. ಅದನ್ನು ಬರೆಸಿಕೊಂಡು ಮೊಹರು ಹಾಕಿಸಿಕೊಂಡರೆ ನಿಮ್ಮ ಬಾಯಿಮಾತಿಗಿಂತ ಅದಕ್ಕೆ ಬೆಲೆ ಹೆಚ್ಚು. ಸರ್ಕಾರದ ಪ್ರೋತ್ಸಾಹಧನ ಬೇರೆ ದಿನ, ನೇರ ಖಾತೆಗೆ ಬರುವುದರಿಂದ ಅದನ್ನು ಬ್ಯಾಂಕ್ ಪಾಸ್ ಪುಸ್ತಕ ನೋಡಿ ಬೇರೆಯಾಗಿ ಬರೆಯಬೇಕು. ಗೃಹಲಕ್ಷ್ಮಿ, ವೃದ್ಧಾಪ್ಯ ವೇತನ ಬರುತ್ತಿದ್ದರೆ ಅದೂ ಹಾಗೆಯೇ. ಮುಚ್ಚಿಡಬೇಡಿ, ಪಾಸ್ ಪುಸ್ತಕ ಎಲ್ಲವನ್ನೂ ಹೇಳುತ್ತದೆ.

ನಮ್ಮ ಉದಾಹರಣೆಯ ಮನೆಗೆ ಹಾಲಿನಿಂದ 47,200, ಮಾರಿದ ರಾಗಿ-ಅವರೆಯಿಂದ 15,000, ಕೂಲಿಯಿಂದ 35,800. ಒಟ್ಟು 98,000 ರೂಪಾಯಿ. ಮನೆಗೆ ಉಂಡ ರಾಗಿಯನ್ನು ಆದಾಯಕ್ಕೂ ಬರೆದಿಲ್ಲ, ಖರ್ಚಿಗೂ ಬರೆದಿಲ್ಲ. ಅಂಗಡಿ ಸಾಮಾನು, ಗ್ಯಾಸು, ಕರೆಂಟು, ಫೋನು ಸೇರಿ ತಿಂಗಳಿಗೆ 5,500ರಂತೆ 66,000. ಮಕ್ಕಳ ಶಾಲೆ, ಬಸ್ಸು 14,000. ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ 9,600. ಬಟ್ಟೆಬರೆ, ರಿಪೇರಿ 6,400. ಹಬ್ಬ, ಜಾತ್ರೆ, ಮದುವೆ ಮುಯ್ಯಿ 10,000. ಮುಯ್ಯಿಯನ್ನು ಬರೆಯಲು ಜನ ನಾಚುತ್ತಾರೆ. ಆದರೆ ಅದನ್ನು ಬಿಟ್ಟು ಬರೆದ ಹಳ್ಳಿಯ ಲೆಕ್ಕವನ್ನು ನಾನಂತೂ ನಂಬುವುದಿಲ್ಲ. ಬೀಡಿ, ಎಲೆಅಡಿಕೆ, ಇನ್ನೊಂದು ಖರ್ಚು ಇದ್ದರೆ ಅದನ್ನೂ ಬರೆಯಿರಿ, ತಾಯಂದಿರು ಹೇಗೂ ಜ್ಞಾಪಿಸುತ್ತಾರೆ. ಈ ಮನೆಯ ಖರ್ಚು 1,06,000. ಅಂದರೆ ಸಾಲಕ್ಕೆ ಒಂದು ರೂಪಾಯಿ ಕಟ್ಟುವ ಮುಂಚೆಯೇ 8,000 ಕೊರತೆ.

ಇನ್ನು ಸಾಲ. ಎರಡು ಮೈಕ್ರೋ ಫೈನಾನ್ಸ್ ಕಂತು 2,600 ಮತ್ತು 2,150, ವರ್ಷಕ್ಕೆ 57,000. ಒಂದು ಲಕ್ಷ ಕೈಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಮೂರು ರೂಪಾಯಿ ಎಂದರೆ ಕಿವಿಗೆ ಹಗುರ, ವರ್ಷಕ್ಕೆ ನೂರಕ್ಕೆ 36, ಅಂದರೆ 36,000 ರೂಪಾಯಿ. ಅಸಲು ಒಂದು ಪೈಸೆಯೂ ಕರಗುವುದಿಲ್ಲ. ಎಲ್ಲ ಸೇರಿಸಿದರೆ ವರ್ಷಕ್ಕೆ 1,01,000 ರೂಪಾಯಿಯ ತೂತು. ಈ ಮನೆಯವರು ಇಷ್ಟು ವರ್ಷ ಕಂತು ತಪ್ಪಿಸದೆ ಕಟ್ಟಿದ್ದರೆ ಹೊಸ ಸಾಲ ಎತ್ತಿ ಹಳೆಯದಕ್ಕೆ ಕಟ್ಟಿದ್ದಾರೆ ಎಂದೇ ಅರ್ಥ. ಹಸು ಬತ್ತುತ್ತದೆ, ಕಂತು ಬತ್ತುವುದಿಲ್ಲ.

ಸಾಲದ ಪಟ್ಟಿಯಲ್ಲಿ ಬಿಟ್ಟುಹೋಗುವ ಬಾಬುಗಳು ಕೆಲವಿವೆ. ಎತ್ತಿಕೊಂಡ ಚೀಟಿಯ ಮುಂದಿನ ಕಂತುಗಳು ಸಾಲವೇ, ಉಳಿತಾಯವಲ್ಲ. ಗಿರವಿ ಇಟ್ಟ ಒಡವೆ ಆಸ್ತಿಯ ಪಟ್ಟಿಗೂ ಬರಬೇಕು, ಅದರ ಮೇಲಿನ ಹಣ ಸಾಲದ ಪಟ್ಟಿಗೂ ಬರಬೇಕು. ಸಂಘದಲ್ಲಿ ತೆಗೆದುಕೊಂಡ ಮುಂಗಡ, ಅಂಗಡಿಯ ಉದ್ರಿ, ಪತ್ರವಿಲ್ಲದೆ ನೆಂಟರಿಂದ ತಂದ ಹಣ ಎಲ್ಲವೂ ಸೇರಬೇಕು. ಪ್ರತಿ ಸಾಲದ ಮುಂದೆ ಅದು ಯಾರ ಹೆಸರಿನಲ್ಲಿದೆ ಎಂದು ಬರೆಯುವುದು ಬಹಳ ಮುಖ್ಯ. ದಿವಾಳಿಯಾಗುವುದು ಮನುಷ್ಯ, ಮನೆಯಲ್ಲ. ಯಜಮಾನರ ಅರ್ಜಿಯಿಂದ ಮನೆಯಾಕೆಯ ಹೆಸರಿನ ಗುಂಪು ಸಾಲ ಹೋಗುವುದಿಲ್ಲ. ಹಾಗೆಯೇ ನಿಮಗೆ ಜಾಮೀನು ನಿಂತ ಪಕ್ಕದ ಮನೆಯವರಿಗೂ ನಿಮ್ಮ ಬಿಡುಗಡೆಯಿಂದ ಬಿಡುಗಡೆ ಸಿಗುವುದಿಲ್ಲ. ಅಡಮಾನ ಮಾಡಿಕೊಂಡ ಬ್ಯಾಂಕಿನ ಹಕ್ಕೂ ಹಾಗೇ ಉಳಿಯುತ್ತದೆ. ನಿಮ್ಮ ಸಾಲದ ಬಹುಪಾಲು ಇಂಥದ್ದೇ ಆಗಿದ್ದರೆ ದಿವಾಳಿ ಅರ್ಜಿಯಿಂದ ಸಿಗುವುದು ಬಹಳ ಕಡಿಮೆ. ಮೇಲಾಗಿ ದಿವಾಳಿ ಎಂದು ಘೋಷಣೆಯಾದವರು ಸ್ಥಳೀಯ ಸಂಸ್ಥೆಯ ಚುನಾವಣೆಗೆ ಅನರ್ಹರಾಗುತ್ತಾರೆ.

ಹಸು ಹೋಗಿಬಿಡುತ್ತದೆಯೇ ಎಂಬುದು ಎಲ್ಲರ ಭಯ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ರೈತನಾದರೆ ಬೇಸಾಯದ ಸಲಕರಣೆ, ಬಿತ್ತನೆ ಬೀಜ, ರೈತನಾಗಿ ಹೊಟ್ಟೆ ಹೊರೆಯಲು ಅಗತ್ಯವೆಂದು ನ್ಯಾಯಾಲಯಕ್ಕೆ ಕಂಡಷ್ಟು ದನಕರು, ಅವನು ವಾಸವಿರುವ ಮನೆ. ದಿವಾಳಿಯಲ್ಲೂ ಇವುಗಳಿಗೆ ರಕ್ಷಣೆ ಇದೆ. "ನ್ಯಾಯಾಲಯಕ್ಕೆ ಕಂಡಷ್ಟು" ಎಂಬ ಮಾತನ್ನು ಗಮನಿಸಿ. ಎರಡು ಹಸು ಇಲ್ಲದಿದ್ದರೆ ಈ ಮನೆ ನಡೆಯುವುದಿಲ್ಲ ಎಂದು ತೋರಿಸುವ ಕಾಗದ ಯಾವುದು? ಇದೇ ಜಮಾ-ಖರ್ಚಿನ ಪಟ್ಟಿ. ಆದರೆ ಅಡಮಾನ ಮಾಡಿದ ಮನೆಗೆ, ಸಾಲದ ಭದ್ರತೆಗೆ ಬರೆದುಕೊಟ್ಟ ಹಸುವಿಗೆ ಈ ರಕ್ಷಣೆಯನ್ನು ನಂಬಿ ಕೂರಬೇಡಿ.

ಭಯಕ್ಕೆ ಬಿದ್ದು ಹಸುವನ್ನು ಭಾವಮೈದುನನ ಕೊಟ್ಟಿಗೆಗೆ ಹೊಡೆಯುವುದು, ಅರ್ಧ ಎಕರೆಯನ್ನು ತಮ್ಮನ ಹೆಸರಿಗೆ ಮಾಡುವುದು ಬೇಡ. ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಹಣ ಪಡೆಯದೆ ಹೀಗೆ ವರ್ಗಾಯಿಸಿದ್ದನ್ನು ನ್ಯಾಯಾಲಯ ರದ್ದು ಮಾಡಬಹುದು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಬೇರೆಯವರನ್ನು ಬಿಟ್ಟು ಬೇಕಾದ ಒಬ್ಬ ಸಾಲಗಾರನಿಗೆ ಮಾತ್ರ ಕಟ್ಟಿದ್ದೂ ಹಾಗೆಯೇ ರದ್ದಾಗಬಹುದು. ಆಮೇಲೆ ನಿಮ್ಮ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

ತಾಯಂದಿರಿಗೆ ಒಂದು ಮಾತು. "ಕಟ್ಟದಿದ್ದರೆ ಜೈಲಿಗೆ ಹಾಕಿಸುತ್ತೇವೆ" ಎಂದು ಕಂತು ವಸೂಲಿಗೆ ಬಂದವರು ಹೆದರಿಸುತ್ತಾರೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ, ಅದೇ ಸಂಹಿತೆಯ 56ನೇ ಕಲಂ ಹಾಗೆ ಹೇಳುತ್ತದೆ. ಬಲವಂತದ ವಸೂಲಿಯ ವಿರುದ್ಧ ನಮ್ಮ ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನೇ ಆಗಿದೆ. ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮದಂತೆ, ಕುಟುಂಬದ ಎಲ್ಲ ಸಾಲದ ಕಂತುಗಳು ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಮೈಕ್ರೋ ಫೈನಾನ್ಸ್ ಸಾಲ ಕೊಡಬಾರದು. ನಮ್ಮ ಉದಾಹರಣೆಯ ಮನೆಯ ನಿಜ ಆದಾಯ ತಿಂಗಳಿಗೆ 8,166. ಅರ್ಧ 4,083. ಎರಡು ಕಂತೇ 4,750 ಆಯಿತು. ನಿಮ್ಮ ಅರ್ಜಿಯಲ್ಲಿ ಆದಾಯ ಎಷ್ಟೆಂದು ಬರೆದಿದ್ದಾರೆ ಎಂದು ಪ್ರತಿ ಕೇಳಿ ನೋಡಿ.

ಇಷ್ಟಾದ ಮೇಲೆ ದಿವಾಳಿಯೋ, ಬೇರೆ ದಾರಿಯೋ ಎಂದು ತೀರ್ಮಾನಿಸಬಹುದು. ಕೈಸಾಲದ ಬಡ್ಡಿ ಇಳಿದು, ಕಂತಿನ ಅವಧಿ ಹೆಚ್ಚಿದರೆ ತೂತು ಮುಚ್ಚುವುದಾದರೆ ಬ್ಯಾಂಕಿನಲ್ಲಿ, ಲೋಕ ಅದಾಲತ್ತಿನಲ್ಲಿ ರಾಜಿಗೆ ಪ್ರಯತ್ನಿಸಿ. ಅಲ್ಲಿಗೂ ಬೇಕಾಗುವುದು ಇದೇ ಹಾಳೆ. ಅಸಲನ್ನೆಲ್ಲ ಬಿಟ್ಟರೂ ಮನೆ ನಡೆಯುವುದಿಲ್ಲ ಎಂದು ಲೆಕ್ಕ ಹೇಳಿದರೆ, ಕೊರತೆ ಇರುವುದು ಸಾಲದಲ್ಲಿ ಮಾತ್ರವಲ್ಲ ಎಂದಾಯಿತು. ಮೇವು ಬೆಳೆಯುವುದನ್ನೂ ಯೋಚಿಸಬೇಕಾಗುತ್ತದೆ. "ಸಾಲ ಮನ್ನಾ ಅರ್ಜಿ ಹಾಕಿಸಿಕೊಡುತ್ತೇವೆ" ಎಂದು ದುಡ್ಡು ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. 2018ರ ಋಣ ಪರಿಹಾರ ಕಾಯಿದೆ ಅರ್ಜಿಗೆ ಕೊಟ್ಟಿದ್ದ 90 ದಿನದ ಗಡುವು ಎಂದೋ ಮುಗಿದಿದೆ.

ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿದೆ. ಉಚಿತ ದೂರವಾಣಿ 15100. ಹೋಗುವಾಗ ಸಂಘದ ಹನ್ನೆರಡು ತಿಂಗಳ ಹಾಲಿನ ಲೆಕ್ಕ, ಮನೆಯ ಎಲ್ಲರ ಪಾಸ್ ಪುಸ್ತಕ, ಸಾಲದ ಕಾರ್ಡುಗಳು, ಪಹಣಿ, ರಾಸು ವಿಮೆಯ ಕಾಗದ, ಕೋರ್ಟಿನಿಂದ ಬಂದ ನೋಟೀಸುಗಳನ್ನು ಬಿಡಿಸದಿದ್ದರೂ ಪರವಾಗಿಲ್ಲ, ಲಕೋಟೆ ಸಮೇತ ತನ್ನಿ. ನೋಟೀಸಿನಲ್ಲಿರುವ ತಾರೀಖು ದಾಟುವ ಮುಂಚೆ ಬನ್ನಿ.