ರೋಗಿಯೊಡನೆ ಒಂದು ದಿನದ ಪ್ರವಾಸ



ನಮ್ಮ ದೊಡ್ಡಪ್ಪನವರಿಗೆ ಹೃದಯದ ಬೇನೆ. ಹತ್ತು ಹೆಜ್ಜೆ ನಡೆದರೆ ಏದುಸಿರು. ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರ ಬಯಕೆ. ಖಾನಾಪುರದಿಂದ ಅಲ್ಲಿಗೆ ಸುಮಾರು 25 ಕಿಲೋಮೀಟರು. ಆದರೆ ರೋಗಿಗೆ ಅದೇ ಕಾಶಿಯಾತ್ರೆ.

ವೈದ್ಯರ ಅನುಮತಿ ಪಡೆದು, ಮಳೆಗಾಲ ಕಳೆದು ಕಾರ್ತಿಕದ ಎಳೆಬಿಸಿಲು ಬರುವವರೆಗೂ ಕಾದೆವು. ಎರಡು ದಿನಕ್ಕಾಗುವಷ್ಟು ಔಷಧವನ್ನು ಕಟ್ಟಿಕೊಂಡು, ಅದರ ಹೆಸರು, ಪ್ರಮಾಣ, ಹೊತ್ತುಗಳನ್ನು ಬರೆದ ಚೀಟಿಯನ್ನು ಅವರ ಕಿಸೆಯಲ್ಲಿಯೇ ಇಟ್ಟೆವು. ಇಷ್ಟಾದರೂ ನಾವು ತಪ್ಪಿದೆವು. ಕಪಿಲೇಶ್ವರ ದೇವಾಲಯ, 1924ರ ಕಾಂಗ್ರೆಸ್ ಅಧಿವೇಶನದ ನೆನಪಿನ ವೀರಸೌಧ, ಕೋಟೆಕೆರೆ ಎಂದು ನಮ್ಮ ಪಟ್ಟಿ ಬೆಳೆಯುತ್ತ ಹೋಯಿತು. ಅದನ್ನು ಓದಿಸಿ ಕೇಳಿದ ದೊಡ್ಡಪ್ಪನವರು, “ಇದು ಯಾರ ಪ್ರವಾಸವಪ್ಪಾ?” ಎಂದರು. ನಾವು ನಾಚಿ, ಬಸದಿಯೊಂದನ್ನುಳಿದು ಎಲ್ಲವನ್ನೂ ಹೊಡೆದುಹಾಕಿದೆವು.

ರಟ್ಟರ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಬಸದಿಯದು. ಗಾಲಿಕುರ್ಚಿ ಮೆಟ್ಟಿಲ ಬಳಿಯೇ ನಿಂತಿತು. ಎತ್ತಿಕೊಂಡು ಹೋಗುವೆವೆಂದರೆ ಅವರು ಒಪ್ಪಲಿಲ್ಲ. “ನೀವು ನೋಡಿ ಬಂದು ಹೇಳಿರಿ” ಎಂದರು. ನಾವು ಹೋಗಿ ಮಾಡಿನ ಕಲ್ಲುಕಮಲವನ್ನು ನೋಡಿ ಬಂದು ಹೇಳತೊಡಗಿದೆವು. ಅವರು ಕಣ್ಣು ಮುಚ್ಚಿ ಕೇಳುತ್ತ, ನಾವು ಬಿಟ್ಟ ಎಸಳುಗಳನ್ನು ತಾವೇ ತುಂಬಿಕೊಟ್ಟರು.

ಅರ್ಧ ತಾಸಿನಲ್ಲಿ ಹಿಂದಿರುಗಿದೆವು. ದಾರಿಯಲ್ಲಿ ಕುಂದಾ ಕೊಂಡೆವು. ಅವರಿಗೆ ಒಂದು ಚೂರೂ ಕೊಡಲಿಲ್ಲವೆಂದು ವೈದ್ಯರೆದುರು ಹೇಳಲಾರೆವು.